ಪೈಲಟ್ ಆಗೋ ಕನಸಿದ್ದರೆ ಮೊದಲು ಕ್ಯಾಲೆಂಡರ್ ನೋಡಿ

ಬಳ್ಳಾರಿ ಕಡೆಯ ಯಾವ ಊರಿಗೆ ಹೋದರೂ ಸೇನೆಗೆ ಸೇರಿದ ಒಬ್ಬಿಬ್ಬರು ಸಿಗುತ್ತಾರೆ. ಸಿರುಗುಪ್ಪದ ಭತ್ತದ ಗದ್ದೆಗಳ ನಡುವಿನ ಹಳ್ಳಿಯಲ್ಲಿ, ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ಸುತ್ತಲಿನ ಓಣಿಗಳಲ್ಲಿ, ಬೆಳಿಗ್ಗೆ ಐದಕ್ಕೆ ಎದ್ದು ರಸ್ತೆ ಬದಿ ಓಡುವ ಹುಡುಗರನ್ನು ನೋಡಿದರೆ ‘ಭರ್ತಿಗೆ ರೆಡಿ ಆಗ್ತಿದ್ದಾರೆ’ ಎಂದು ಯಾರಾದರೂ ಹೇಳುತ್ತಾರೆ. ಅಗ್ನಿವೀರ್ ಅರ್ಜಿ ಯಾವಾಗ, ಎಷ್ಟು ನಿಮಿಷದಲ್ಲಿ 1600 ಮೀಟರ್ ಓಡಬೇಕು, ಎದೆ ಎಷ್ಟು ಉಬ್ಬಬೇಕು, ಎಲ್ಲವೂ ಅವರಿಗೆ ಬಾಯಿಪಾಠ. ಆದರೆ ಅದೇ ಹುಡುಗರಿಗೆ ‘ಫೈಟರ್ ಪೈಲಟ್ ಆಗೋಕೆ ಏನು ಓದಬೇಕು?’ ಅಂತ ಕೇಳಿ ನೋಡಿ. ‘ಏರ್‌ಫೋರ್ಸ್‌ಗೆ ಸೇರಿದ್ರೆ ಆಮೇಲೆ ಪೈಲಟ್ ಮಾಡ್ತಾರೆ’ ಎನ್ನುವ ಉತ್ತರವೇ ಹೆಚ್ಚು.

ಹಾಗಿಲ್ಲ. ವಾಯುಪಡೆಯ ಅಗ್ನಿವೀರ್ ಹುದ್ದೆ ಬೇರೆ, ವಿಮಾನ ಹಾರಿಸುವ ಅಧಿಕಾರಿಯ ಹುದ್ದೆ ಬೇರೆ. ಪೈಲಟ್ ಆಗುವವರು ಮೊದಲ ದಿನದಿಂದಲೇ ಅಧಿಕಾರಿಯಾಗಲು ಆಯ್ಕೆಯಾಗುತ್ತಾರೆ, ಫ್ಲೈಯಿಂಗ್ ಬ್ರಾಂಚ್‌ಗೆಂದೇ ಪರೀಕ್ಷೆಗೊಳಗಾಗುತ್ತಾರೆ. ಆ ದಾರಿಯ ಬಾಗಿಲುಗಳು ಕೆಲವೇ. ಪ್ರತಿ ಬಾಗಿಲ ಮೇಲೂ ವಯಸ್ಸಿನ ಬೀಗವಿದೆ. ನಮ್ಮ ಕಡೆಯ ಮಕ್ಕಳು ಸೋಲುತ್ತಿರುವುದು ಬುದ್ಧಿಯಲ್ಲಿ ಅಲ್ಲ, ಬಹಳ ಸಲ ದುಡ್ಡಿನಲ್ಲೂ ಅಲ್ಲ. ಬಾಗಿಲು ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎನ್ನುವುದು ಸಮಯಕ್ಕೆ ಸರಿಯಾಗಿ ಗೊತ್ತಾಗದೇ ಇರುವುದರಲ್ಲಿ.

ಹದಿನಾರನೇ ವಯಸ್ಸಿನ ಒಂದು ಟಿಕ್ ಮಾರ್ಕ್

ನಮ್ಮ ದೊಡ್ಡಮ್ಮನ ಮಗಳ ಸಂಸಾರ ಸಿರುಗುಪ್ಪದಲ್ಲಿದೆ. ಅಕ್ಕನ ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿದ ಬೇಸಿಗೆಯಲ್ಲಿ ಪಿಯು ಕಾಲೇಜಿನ ಅರ್ಜಿ ತುಂಬುವಾಗ ಮನೆಯಲ್ಲಿ ಸಣ್ಣ ಜಗಳ. ಭಾವನದು ಒಂದೇ ಹಟ: ‘ಗಣಿತ ಬ್ಯಾಡ, ಸುಮ್ನೆ ತಲಿನೋವು. ಬಯಾಲಜಿ ತಗೊಂಡು ನೀಟ್‌ಗೆ ಓದ್ಲಿ.’ ಹುಡುಗಿ ನನಗೆ ಫೋನ್ ಮಾಡಿದಳು. ‘ಮಾಮ, ನಂಗೆ ಏರ್‌ಫೋರ್ಸ್ ಪೈಲಟ್ ಆಗ್ಬೇಕಂತ ಆಸೆ ಐತಿ. ಗಣಿತ ಬಿಟ್ರೂ ಆಗ್ತದಾ?’

ಆಗುವುದಿಲ್ಲ. ಇದೊಂದು ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ಎನ್‌ಡಿಎ ಮೂಲಕ ವಾಯುಪಡೆ ಅಥವಾ ನೌಕಾಪಡೆಗೆ ಹೋಗಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಇರಬೇಕು. ಡಿಗ್ರಿ ಆದಮೇಲೆ ಆಫ್‌ಕ್ಯಾಟ್ ಮೂಲಕ ಹೋಗುವವರಿಗೂ ಪಿಯುಸಿಯ ಗಣಿತ ಮತ್ತು ಭೌತಶಾಸ್ತ್ರದಲ್ಲಿ ತಲಾ ಶೇ 50 ಅಂಕ ಬೇಕು. ಮುಂದೆ ಎಂಥ ಡಿಗ್ರಿ ಮಾಡಿದರೂ ಹದಿನಾರನೇ ವಯಸ್ಸಿನಲ್ಲಿ ಬಿಟ್ಟ ಗಣಿತ ಹಿಂಬಾಲಿಸಿಕೊಂಡು ಬರುತ್ತದೆ. ಪಿಯು ಅರ್ಜಿಯ ಆ ಒಂದು ಟಿಕ್ ಮಾರ್ಕ್‌ನಲ್ಲೇ ಅರ್ಧ ನಿರ್ಧಾರ ಆಗಿಹೋಗುತ್ತದೆ.

ಭಾವನ ಪ್ರಶ್ನೆಯೂ ಸುಳ್ಳಲ್ಲ. ‘ನೋಡಪಾ, ನಾಳಿ ಪೈಲಟ್ ಆಗ್ಲಿಲ್ಲಂದ್ರ? ಆ ಕಡಿನೂ ಇಲ್ಲ, ಈ ಕಡಿನೂ ಇಲ್ಲ ಆಗಬಾರದು.’ ಒಂದೇ ಬೆಳೆ ನಂಬಿ ಕೂತು, ತುಂಗಭದ್ರೆಯ ನೀರು ಯಾವಾಗ ಬಿಡುತ್ತಾರೋ ಎಂದು ಕಾಯುವ ಮನುಷ್ಯ ಹೀಗೆ ಕೇಳುವುದು ಸಹಜ. ಅವರಿಗೆ ನಾನು ಹೇಳಿದ್ದು ಇಷ್ಟೇ: ಗಣಿತ, ಭೌತಶಾಸ್ತ್ರ ಇಟ್ಟುಕೊಂಡರೆ ಕಳೆದುಕೊಳ್ಳುವುದು ಏನೂ ಇಲ್ಲ. ಪಿಸಿಎಂಬಿ ತಗೊಂಡರೆ ನೀಟ್ ಕೂಡ ಬರೆಯಬಹುದು, ಸಿಇಟಿ ಕೂಡ ಬರೆಯಬಹುದು, ಎನ್‌ಡಿಎ ಕೂಡ. ಈ ತಯಾರಿ ಪೈಲಟ್ ಸೀಟಿಗೆ ತಲುಪಿಸದಿದ್ದರೂ ಬೇರೆ ಯಾವ ದಾರಿಯನ್ನೂ ಮುಚ್ಚುವುದಿಲ್ಲ. ಹುಡುಗಿ ಈಗ ಪಿಸಿಎಂಬಿ ಓದುತ್ತಿದ್ದಾಳೆ. ಮುಂದಿನದು ಅವಳ ಕೈಯಲ್ಲಿದೆ.

ಬಾಗಿಲು ಒಂದು: ಪಿಯುಸಿ ನಂತರ ಎನ್‌ಡಿಎ

ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇರುವುದು ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ. ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ಇದರ ಪರೀಕ್ಷೆ ನಡೆಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಏಪ್ರಿಲ್ ಮತ್ತು ಸೆಪ್ಟೆಂಬರ್‌ನಲ್ಲಿ ನಡೆಯುತ್ತಿದೆ. ಎರಡನೇ ಪಿಯುಸಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು. ಕೋರ್ಸ್ ಶುರುವಾಗುವ ಹೊತ್ತಿಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಒಳಗಿರಬೇಕು, ಮದುವೆ ಆಗಿರಬಾರದು.

ಲಿಖಿತ ಪರೀಕ್ಷೆ 900 ಅಂಕಕ್ಕೆ: ಗಣಿತ 300, ಸಾಮಾನ್ಯ ಸಾಮರ್ಥ್ಯ 600. ಎರಡನೆಯದರಲ್ಲಿ ಇಂಗ್ಲಿಷ್, ವಿಜ್ಞಾನ, ಇತಿಹಾಸ, ಭೂಗೋಳ, ಪ್ರಚಲಿತ ವಿದ್ಯಮಾನ ಎಲ್ಲ ಬರುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಆಮೇಲಿನ ಎಸ್‌ಎಸ್‌ಬಿ ಸಂದರ್ಶನಕ್ಕೂ 900 ಅಂಕ. ಅಂದರೆ ಪುಸ್ತಕದ ಓದಿಗೆ ಅರ್ಧ, ನೀವು ಎಂಥ ಮನುಷ್ಯ ಎನ್ನುವುದಕ್ಕೆ ಇನ್ನರ್ಧ.

ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ, ಕನ್ನಡದಲ್ಲಿಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿವರೆಗೆ ಓದಿ ಪಿಯುಸಿಯಲ್ಲಿ ಇಂಗ್ಲಿಷಿಗೆ ಹೊರಳಿದ ಮಕ್ಕಳಿಗೆ ಇದು ದೊಡ್ಡ ಗೋಡೆ. ಅದನ್ನು ಒಂದು ತಿಂಗಳ ಕೋಚಿಂಗ್‌ನಲ್ಲಿ ಹತ್ತಲಾಗದು. ದಿನಕ್ಕೆ ಅರ್ಧ ಗಂಟೆಯಂತೆ ಎರಡು ವರ್ಷ ಇಂಗ್ಲಿಷ್ ಪತ್ರಿಕೆ ಓದುವ ಅಭ್ಯಾಸ ಇದ್ದರೆ ಹತ್ತಬಹುದು. ಬಳ್ಳಾರಿಯವರು ಪರೀಕ್ಷೆ ಬರೆಯಲು ಧಾರವಾಡ ಅಥವಾ ಬೆಂಗಳೂರಿನಂಥ ಕೇಂದ್ರಕ್ಕೆ ಹೋಗಬೇಕು, ಆ ಓಡಾಟವೂ ಲೆಕ್ಕದಲ್ಲಿರಲಿ.

ಹೆಣ್ಣುಮಕ್ಕಳಿಗೆ ಎನ್‌ಡಿಎ ಬಾಗಿಲು ತೆರೆದದ್ದು ಇತ್ತೀಚೆಗೆ. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, ಅದೇ ನವೆಂಬರ್‌ನಲ್ಲಿ ಅವರು ಮೊದಲ ಬಾರಿ ಪರೀಕ್ಷೆ ಬರೆದರು. ಮೊದಲ ತಂಡದ 17 ಯುವತಿಯರು 2025ರ ಮೇ ಕೊನೆಯಲ್ಲಿ ತರಬೇತಿ ಮುಗಿಸಿ ಹೊರಬಂದರು. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಜಿ ಶುಲ್ಕವಿಲ್ಲ. ಆದರೆ ಸೀಟಿನ ಲೆಕ್ಕ ಕಠಿಣ. 2025ರ ಮೊದಲ ಎನ್‌ಡಿಎ ಅಧಿಸೂಚನೆಯಲ್ಲಿ ವಾಯುಪಡೆಯ ಫ್ಲೈಯಿಂಗ್ ಬ್ರಾಂಚ್‌ಗೆ 92 ಸೀಟು, ಅದರಲ್ಲಿ ಮಹಿಳೆಯರಿಗೆ 2. ಇದನ್ನು ಮಕ್ಕಳಿಂದ ಮುಚ್ಚಿಡುವುದು ಬೇಡ. ಇದೊಂದೇ ಬಾಗಿಲಲ್ಲ ಎನ್ನುವುದನ್ನೂ ಜೊತೆಗೇ ಹೇಳೋಣ.

ಬಾಗಿಲು ಎರಡು: ಡಿಗ್ರಿ ನಂತರ

ಇಂಜಿನಿಯರಿಂಗ್ ಓದುತ್ತಿರುವವರು, ಬಿಎಸ್ಸಿ ಮಾಡುತ್ತಿರುವವರು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಡಿಗ್ರಿ ನಂತರ ಮುಖ್ಯವಾಗಿ ಮೂರು ದಾರಿ.

ಆಫ್‌ಕ್ಯಾಟ್: ವಾಯುಪಡೆಯೇ ವರ್ಷಕ್ಕೆ ಎರಡು ಬಾರಿ ನಡೆಸುವ ಆನ್‌ಲೈನ್ ಪರೀಕ್ಷೆ. ಹುಡುಗರು, ಹುಡುಗಿಯರು ಇಬ್ಬರೂ ಬರೆಯಬಹುದು. ಡಿಗ್ರಿಯಲ್ಲಿ ಶೇ 60 ಬೇಕು. 100 ಪ್ರಶ್ನೆ, 300 ಅಂಕ, ಎರಡು ಗಂಟೆ, ಇಂಗ್ಲಿಷಿನಲ್ಲಿ ಮಾತ್ರ. ಸರಿ ಉತ್ತರಕ್ಕೆ 3, ತಪ್ಪಿಗೆ 1 ಕಡಿತ. ಫ್ಲೈಯಿಂಗ್ ಬ್ರಾಂಚ್‌ಗೆ ಇದರ ಮೂಲಕ ಹೋದವರ ಸೇವೆ 14 ವರ್ಷ.

ಸಿಡಿಎಸ್: ಯುಪಿಎಸ್‌ಸಿ ನಡೆಸುವ ಪರೀಕ್ಷೆ. ಇದರಲ್ಲಿ ಏರ್‌ಫೋರ್ಸ್ ಅಕಾಡೆಮಿಯ ಸೀಟು ಪುರುಷರಿಗೆ ಮಾತ್ರ, ಪರ್ಮನೆಂಟ್ ಕಮಿಷನ್ ಸಿಗುತ್ತದೆ.

ಎನ್‌ಸಿಸಿ ವಿಶೇಷ ಪ್ರವೇಶ: ಏರ್ ವಿಂಗ್ ಸೀನಿಯರ್ ಡಿವಿಷನ್‌ನ ‘ಸಿ’ ಸರ್ಟಿಫಿಕೇಟ್ ಇದ್ದವರಿಗೆ ಲಿಖಿತ ಪರೀಕ್ಷೆ ಇಲ್ಲದೆ ನೇರ ಸಂದರ್ಶನ. ಬೇರೆ ವಿಂಗ್‌ನ ಎನ್‌ಸಿಸಿ ಮಾಡಿದವರಿಗೆ ಈ ದಾರಿ ಇಲ್ಲ. ಆದರೂ ಶಿಸ್ತು, ಗುಂಪಿನ ಮುಂದೆ ಮಾತಾಡುವ ಧೈರ್ಯ ಸಂದರ್ಶನದಲ್ಲಿ ಕೈಹಿಡಿಯುತ್ತವೆ.

ಈ ಮೂರಕ್ಕೂ ವಯಸ್ಸು ಕೋರ್ಸ್ ಶುರುವಾಗುವಾಗ 20ರಿಂದ 24. ಮಾನ್ಯತೆಯಿರುವ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇದ್ದರೆ ಆಫ್‌ಕ್ಯಾಟ್ ಮತ್ತು ಸಿಡಿಎಸ್‌ನಲ್ಲಿ 26ರವರೆಗೆ. ಇಲ್ಲೇ ನಮ್ಮ ಇಂಜಿನಿಯರುಗಳು ಎಡವುವುದು. 24 ಅಂದಾಗ ‘ಇನ್ನೂ ಟೈಮ್ ಇದೆ’ ಅನಿಸುತ್ತದೆ. ನಾವು ಪ್ರಾಜೆಕ್ಟ್‌ನಲ್ಲಿ ಮಾಡುವಂತೆ ರಿಲೀಸ್ ದಿನದಿಂದ ಹಿಂದಕ್ಕೆ ಎಣಿಸಿ ನೋಡೋಣ.

2003ರ ಆಗಸ್ಟ್‌ನಲ್ಲಿ ಹುಟ್ಟಿದವರೊಬ್ಬರು 2025ರ ಬೇಸಿಗೆಯಲ್ಲಿ ಬಿಇ ಮುಗಿಸಿದರು ಎಂದಿಟ್ಟುಕೊಳ್ಳಿ. ಆ ವರ್ಷದ ಎರಡನೇ ಆಫ್‌ಕ್ಯಾಟ್ ಬರೆದರೆ ಕೋರ್ಸ್ ಶುರುವಾಗುವುದು 2026ರ ಜುಲೈನಲ್ಲಿ. 2026ರ ಮೊದಲನೆಯದಕ್ಕೆ 2027ರ ಜನವರಿ. ಎರಡನೆಯದಕ್ಕೆ 2027ರ ಜುಲೈ. ಅಲ್ಲಿಗೆ ಮುಗಿಯಿತು, ಮುಂದಿನ ಕೋರ್ಸಿಗೆ 24 ದಾಟಿರುತ್ತದೆ. ಡಿಗ್ರಿ ಮುಗಿದ ಮೇಲೆ ಸಿಕ್ಕಿದ್ದು ಬರೀ ಮೂರು ಅವಕಾಶ. ‘ಮೊದಲು ಬೆಂಗಳೂರಲ್ಲಿ ಎರಡು ವರ್ಷ ಕೆಲಸ ಮಾಡ್ತೀನಿ, ಆಮೇಲೆ ನೋಡೋಣ’ ಎಂದವರಿಗೆ ಆ ‘ಆಮೇಲೆ’ ಬರುವುದೇ ಇಲ್ಲ. ಕೊನೆಯ ವರ್ಷದಲ್ಲಿರುವಾಗಲೇ, ಬ್ಯಾಕ್‌ಲಾಗ್ ಇಲ್ಲದಿದ್ದರೆ, ಅರ್ಜಿ ಹಾಕಬಹುದು. ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆ ರೆಸ್ಯೂಮ್ ಬರೆಯುವ ವಾರವೇ ಆಫ್‌ಕ್ಯಾಟ್ ಅರ್ಜಿಯನ್ನೂ ತುಂಬಿ ಎನ್ನುವುದು ಅದಕ್ಕೇ.

ಈ ದಾರಿಯಲ್ಲಿ ಹೋದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನುಭೋಗ್ ಇಂಜಿನಿಯರಿಂಗ್ ಓದಿ, ಆಮೇಲೆ ವಾಯುಪಡೆ ಸೇರಿ, 2018ರ ಜೂನ್‌ನಲ್ಲಿ ದುಂಡಿಗಲ್‌ನಿಂದ ಫೈಟರ್ ವಿಭಾಗಕ್ಕೆ ಹೊರಬಂದರು. ಅವರದೂ ಸಣ್ಣ ಊರಿನ ಕಡೆಯ ಹಿನ್ನೆಲೆಯೇ.

ಮೈಸೂರಿನ ಐದು ದಿನ

ಲಿಖಿತ ಪರೀಕ್ಷೆ ದಾಟಿದವರನ್ನು ಏರ್‌ಫೋರ್ಸ್ ಸೆಲೆಕ್ಷನ್ ಬೋರ್ಡ್‌ಗೆ ಕರೆಯುತ್ತಾರೆ. ಅಂಥ ಒಂದು ಬೋರ್ಡ್ ಮೈಸೂರಿನಲ್ಲಿದೆ. ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಸೀದಾ ಮೈಸೂರು. ಮೊದಲ ಬಾರಿ ಹೋಗುವವರಿಗೆ ರೈಲಿನ ಪ್ರಯಾಣ ವೆಚ್ಚವನ್ನೂ ಕೊಡುತ್ತಾರೆ.

ಮೊದಲ ದಿನವೇ ಜರಡಿ. ಬುದ್ಧಿಮತ್ತೆಯ ಪ್ರಶ್ನೆಗಳು, ಮಸುಕು ಚಿತ್ರವೊಂದನ್ನು ನೋಡಿ ಕಥೆ ಬರೆದು ಗುಂಪಿನಲ್ಲಿ ಚರ್ಚಿಸುವುದು. ಬಹಳಷ್ಟು ಜನ ಅಲ್ಲಿಂದಲೇ ವಾಪಸ್. ಉಳಿದವರಿಗೆ ಮನಃಶಾಸ್ತ್ರದ ಪರೀಕ್ಷೆ: ಒಂದಾದ ಮೇಲೊಂದು 60 ಪದ ತೋರಿಸುತ್ತಾರೆ, ಪ್ರತಿಯೊಂದಕ್ಕೂ ಕೂಡಲೇ ಒಂದು ವಾಕ್ಯ ಬರೆಯಬೇಕು. 60 ಸನ್ನಿವೇಶ ಕೊಟ್ಟು ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಮೈದಾನದಲ್ಲಿ ಹಲಗೆ, ಹಗ್ಗ, ಡ್ರಮ್ಮು ಕೊಟ್ಟು ಗುಂಪಾಗಿ ಅಡೆತಡೆ ದಾಟಿಸುತ್ತಾರೆ. ಆಮೇಲೆ ವೈಯಕ್ತಿಕ ಸಂದರ್ಶನ. ಇಲ್ಲಿ ಹೊಲದ ಕೆಲಸ ಮಾಡಿ ಬೆಳೆದ ಮಕ್ಕಳು ಕುಗ್ಗಬೇಕಾಗಿಲ್ಲ. ಟ್ರ್ಯಾಕ್ಟರ್ ಕೆಟ್ಟಾಗ ನಾಲ್ಕು ಜನರನ್ನು ಸೇರಿಸಿ ದಾರಿ ಹುಡುಕಿದ ಅನುಭವ ಮೈದಾನದ ಪರೀಕ್ಷೆಗೆ ಸರಿಯಾಗಿ ಹೊಂದುತ್ತದೆ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಬರಬೇಕು, ಅಷ್ಟೆ.

ಪೈಲಟ್ ಆಗುವವರಿಗೆ ಮಾತ್ರ ಇರುವ ಇನ್ನೊಂದು ಪರೀಕ್ಷೆ ಸಿಪಿಎಸ್‌ಎಸ್. ಕಂಪ್ಯೂಟರ್ ಮುಂದೆ ಕೂರಿಸಿ ಕೈ, ಕಾಲು, ಕಣ್ಣು, ಕಿವಿ ಎಲ್ಲವನ್ನೂ ಒಟ್ಟಿಗೆ ಬಳಸುವ ಸಾಮರ್ಥ್ಯ ಅಳೆಯುತ್ತಾರೆ. ಇದಕ್ಕೆ ಜೀವನದಲ್ಲಿ ಒಂದೇ ಅವಕಾಶ. ಎಸ್‌ಎಸ್‌ಬಿ ಸಂದರ್ಶನದಲ್ಲಿ ಹತ್ತು ಸಲ ಸೋತರೂ ಮತ್ತೆ ಹೋಗಬಹುದು. ಸಿಪಿಎಸ್‌ಎಸ್‌ನಲ್ಲಿ ಒಮ್ಮೆ ಸೋತರೆ ಫ್ಲೈಯಿಂಗ್ ಬ್ರಾಂಚ್ ಶಾಶ್ವತವಾಗಿ ಮುಚ್ಚುತ್ತದೆ, ತಾಂತ್ರಿಕ ಮತ್ತು ಇತರ ಬ್ರಾಂಚ್‌ಗಳು ಮಾತ್ರ ಉಳಿಯುತ್ತವೆ. ನಿದ್ದೆಗೆಟ್ಟು, ಜ್ವರದಲ್ಲಿ, ‘ಸುಮ್ನೆ ಒಂದ್ಸಲ ನೋಡ್ಕೊಂಡ್ ಬರೋಣ’ ಎನ್ನುವ ಮನಸ್ಸಿನಲ್ಲಿ ಈ ಪರೀಕ್ಷೆಗೆ ಕೂರಬಾರದು.

ಮನೆಯ ಟೇಪಿನಲ್ಲೇ ಅಳೆದು ನೋಡಿ

ಬೋರ್ಡ್‌ನಲ್ಲಿ ಪಾಸಾದವರ ವೈದ್ಯಕೀಯ ತಪಾಸಣೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಅಥವಾ ದೆಹಲಿಯ ಕೇಂದ್ರದಲ್ಲಿ ನಡೆಯುತ್ತದೆ. ಕೆಲವು ಅಳತೆಗಳನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಎತ್ತರ ಕನಿಷ್ಠ 162.5 ಸೆಂ.ಮೀ. ಕಾಲಿನ ಉದ್ದ 99ರಿಂದ 120 ಸೆಂ.ಮೀ., ಕೂತಾಗಿನ ಎತ್ತರ 81.5ರಿಂದ 96 ಸೆಂ.ಮೀ., ತೊಡೆಯ ಉದ್ದ 64 ಸೆಂ.ಮೀ. ಮೀರಬಾರದು. ಕಾಕ್‌ಪಿಟ್‌ನಲ್ಲಿ ಕಾಲು ಪೆಡಲ್ ಮುಟ್ಟಬೇಕು, ಸೀಟ್ ಸಮೇತ ಹೊರಗೆ ಚಿಮ್ಮುವ ಸಂದರ್ಭ ಬಂದರೆ ಮೊಣಕಾಲು ಎದುರಿನ ಪ್ಯಾನೆಲ್‌ಗೆ ಬಡಿಯಬಾರದು, ಅದಕ್ಕೇ ಈ ಲೆಕ್ಕ.

ಕಣ್ಣಿನದು ಇನ್ನೂ ಕಟ್ಟುನಿಟ್ಟು. ಒಂದು ಕಣ್ಣು 6/6, ಇನ್ನೊಂದು 6/9 ಇರಬೇಕು, ಬಣ್ಣ ಗುರುತಿಸುವುದರಲ್ಲಿ ದೋಷ ಇರಬಾರದು. ದೂರದ ಬೋರ್ಡ್ ಓದಲು ಕನ್ನಡಕ ಬೇಕಾದವರಿಗೆ ಫ್ಲೈಯಿಂಗ್ ಬ್ರಾಂಚ್ ಕಷ್ಟ. ಕನ್ನಡಕ ಹೋಗಲಿ ಎಂದು ಲೇಸರ್ ಮಾಡಿಸುವ ಮೊದಲು ಆ ವರ್ಷದ ಅಧಿಸೂಚನೆಯ ವೈದ್ಯಕೀಯ ಭಾಗ ಓದಲೇಬೇಕು. ಮಕ್ಕಳ ಕಣ್ಣು ಮತ್ತು ಬಣ್ಣದೃಷ್ಟಿಯನ್ನು ಹತ್ತನೇ ತರಗತಿಯಲ್ಲೇ ಬಳ್ಳಾರಿಯ ಯಾವುದಾದರೂ ಕಣ್ಣಿನ ಡಾಕ್ಟರ ಹತ್ತಿರ ಪರೀಕ್ಷಿಸಿದರೆ, ನಾಲ್ಕು ವರ್ಷ ಕನಸು ಕಟ್ಟಿ ಕೊನೆಯಲ್ಲಿ ಅಳುವುದು ತಪ್ಪುತ್ತದೆ.

ಇನ್ನೊಂದು ಸಣ್ಣ ವಿಷಯ: ಜಾತ್ರೆಯಲ್ಲಿ ಹಾಕಿಸಿಕೊಳ್ಳುವ ಹಚ್ಚೆ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ ಮತ್ತು ಅಂಗೈ ಹಿಂಭಾಗ ಬಿಟ್ಟು ಬೇರೆ ಕಡೆ ಶಾಶ್ವತ ಹಚ್ಚೆ ಇದ್ದರೆ ಅಭ್ಯರ್ಥಿಯನ್ನು ಕೈಬಿಡುತ್ತಾರೆ. ಸಂಪ್ರದಾಯದಂತೆ ಹಚ್ಚೆ ಹಾಕುವ ಬುಡಕಟ್ಟು ಸಮುದಾಯಗಳಿಗೆ ವಿನಾಯಿತಿ ಇದೆ.

ತರಬೇತಿ ನಮ್ಮ ಪಕ್ಕದಲ್ಲೇ

ಎನ್‌ಡಿಎ ಮೂಲಕ ಹೋದವರು ಖಡಕ್‌ವಾಸ್ಲಾದಲ್ಲಿ ಮೂರು ವರ್ಷ ಓದುತ್ತಾರೆ, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಡಿಗ್ರಿ ಸಿಗುತ್ತದೆ. ಅಲ್ಲಿಂದ ಹೈದರಾಬಾದ್ ಹತ್ತಿರದ ದುಂಡಿಗಲ್ ಏರ್‌ಫೋರ್ಸ್ ಅಕಾಡೆಮಿ. ಡಿಗ್ರಿ ಮುಗಿಸಿ ಬಂದವರು ನೇರವಾಗಿ ದುಂಡಿಗಲ್‌ಗೆ. ಅಲ್ಲಿ ಪಿಲಾಟಸ್ ಪಿಸಿ-7 ಎಂಬ ಸಣ್ಣ ವಿಮಾನದಲ್ಲಿ ಮೊದಲ ಪಾಠ. ಇದೇ ಕೆಲಸಕ್ಕೆಂದು ಎಚ್‌ಎಎಲ್ ರೂಪಿಸಿದ ಎಚ್‌ಟಿಟಿ-40 ವಿಮಾನ 70 ಕೊಳ್ಳಲು 2023ರ ಮಾರ್ಚ್‌ನಲ್ಲಿ ಒಪ್ಪಂದವಾಗಿದೆ.

ಮೊದಲ ಹಂತ ಮುಗಿದ ಮೇಲೆ ಸಾಮರ್ಥ್ಯ ನೋಡಿ ಫೈಟರ್, ಸಾರಿಗೆ ವಿಮಾನ, ಹೆಲಿಕಾಪ್ಟರ್ ಎಂದು ಮೂರು ದಾರಿ. ಸಾರಿಗೆ ವಿಮಾನದವರು ಬೆಂಗಳೂರಿನ ಯಲಹಂಕಕ್ಕೆ, ಹೆಲಿಕಾಪ್ಟರ್‌ನವರು ಹಕೀಂಪೇಟೆಗೆ. ಫೈಟರ್ ಪೈಲಟ್‌ಗಳು ಹಾಕ್ ಜೆಟ್ ಕಲಿಯಲು ಬರುವುದು ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್‌ಗೆ. 2016ರ ಜೂನ್‌ನಲ್ಲಿ ದೇಶದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾಗಿ ಕಮಿಷನ್ ಪಡೆದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಹಾಕ್ ಹಾರಿಸಿದ್ದು ಬೀದರ್‌ನ ಆಕಾಶದಲ್ಲೇ. ಸೂರ್ಯಕಿರಣ ತಂಡದ ನೆಲೆಯೂ ಅದೇ. ದೇಶದ ಮೂಲೆಮೂಲೆಯಿಂದ ಬಂದವರು ನಮ್ಮ ಪಕ್ಕದ ಜಿಲ್ಲೆಗಳಲ್ಲಿ ಹಾರಾಟ ಕಲಿಯುತ್ತಾರೆ. ನಮ್ಮ ಮಕ್ಕಳಿಗೆ ಮಾತ್ರ ಅದು ದೂರದ ಮಾತು.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಮನೆಯ ಹಿರಿಯರು ಮೊದಲು ಕೇಳುವುದೇ ಅದು. ಖಾಸಗಿ ಫ್ಲೈಯಿಂಗ್ ಶಾಲೆಯಲ್ಲಿ ಕಮರ್ಷಿಯಲ್ ಲೈಸೆನ್ಸ್‌ಗೆ ಹತ್ತಾರು ಲಕ್ಷ ಬೇಕು, ಹೊಲ ಮಾರಬೇಕಾದ ಮಾತು. ಸೇನೆಯಲ್ಲಿ ತರಬೇತಿಯ ಖರ್ಚು ಸರ್ಕಾರದ್ದು. ಅಕಾಡೆಮಿಯ ಕೊನೆಯ ವರ್ಷದಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಕೂಡ ಇದೆ. ಫ್ಲೈಯಿಂಗ್ ಆಫೀಸರ್ ಆದಮೇಲೆ ಅದೇ ಮೂಲವೇತನ, ಜೊತೆಗೆ 15,500 ರೂಪಾಯಿ ಮಿಲಿಟರಿ ಸರ್ವೀಸ್ ಪೇ, ಹಾರಾಟದ ಭತ್ಯೆ ಬೇರೆ. ಆದರೆ ಇದು ಸಂಬಳ ನೋಡಿ ಸೇರುವ ಕೆಲಸವಲ್ಲ. ಅಪಾಯ ನಿಜ, ಊರಿಂದ ಊರಿಗೆ ವರ್ಗಾವಣೆ ನಿಜ. ಮಕ್ಕಳ ಜೊತೆ ಕೂತು ಅದನ್ನೂ ಮಾತಾಡಬೇಕು.

ಇನ್ನೂ ಚಿಕ್ಕವರಿದ್ದರೆ

ಐದನೇ ತರಗತಿಯ ಮಗು ಮನೆಯಲ್ಲಿದ್ದರೆ ಸೈನಿಕ ಶಾಲೆ ನೆನಪಿರಲಿ. ರಾಜ್ಯದಲ್ಲಿ ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಿವೆ. ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ವಯಸ್ಸು 10ರಿಂದ 12. ಒಂಬತ್ತನೇ ತರಗತಿಗೆ ಸೇರುವುದಾದರೆ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಈಗ ಹುಡುಗಿಯರಿಗೂ ಪ್ರವೇಶವಿದೆ. ಹೆಣ್ಣುಮಕ್ಕಳಿಗೆಂದೇ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮ ಸೈನಿಕ ಶಾಲೆಯೂ ಇದೆ. ಕನ್ನಡ ಮಾಧ್ಯಮದ ಮಗುವಿಗೆ ಭಾಷೆಯ ಗೋಡೆ ಅತಿ ಚಿಕ್ಕದಾಗಿರುವುದು ಈ ಬಾಗಿಲಲ್ಲೇ.

ಬೆಂಗಳೂರು, ಹೈದರಾಬಾದ್‌ನಲ್ಲಿ ಕೆಲಸ ಮಾಡುವ ನಮ್ಮ ಓರಗೆಯವರಿಗೆ ಒಂದು ಮಾತು. ನಮ್ಮಲ್ಲಿ ಬಹುತೇಕರಿಗೆ ಈ ವಯಸ್ಸಿನ ಬೀಗ ಬಿದ್ದಾಗಿದೆ. ಊರಿನ ತಮ್ಮ, ತಂಗಿ, ಅಕ್ಕನ ಮಕ್ಕಳಿಗೆ ಬಿದ್ದಿಲ್ಲ. ಈ ಸಲ ಊರಿಗೆ ಹೋದಾಗ ಅವರ ಹುಟ್ಟಿದ ದಿನಾಂಕ ಕೇಳಿ, ಎನ್‌ಡಿಎಗೆ ಎಷ್ಟು ಅವಕಾಶ ಉಳಿದಿದೆ, ಆಫ್‌ಕ್ಯಾಟ್‌ಗೆ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದುಕೊಡಿ. ಎನ್‌ಡಿಎ ಅಧಿಸೂಚನೆ ಡಿಸೆಂಬರ್ ಮತ್ತು ಮೇ ತಿಂಗಳ ಆಸುಪಾಸು, ಆಫ್‌ಕ್ಯಾಟ್‌ನದು ಡಿಸೆಂಬರ್ ಮತ್ತು ಜೂನ್ ಹೊತ್ತಿಗೆ ಬರುತ್ತದೆ. ನಿಮ್ಮ ಫೋನಿನಲ್ಲಿ ರಿಮೈಂಡರ್ ಇಟ್ಟುಕೊಂಡು ಆ ದಿನ ಅವರಿಗೊಂದು ಕರೆ ಮಾಡಿ. ಹತ್ತನೇ ತರಗತಿಯವರಿದ್ದರೆ ಪಿಯು ಅರ್ಜಿ ತುಂಬುವ ಮುಂಚೆ ಮಾಡಿ.